ಉಗ್ಗುವ ಮಾತು, ಒಡೆದ ದನಿ

(ದಿಂಡೋರಿಯ ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಉಪನ್ಯಾಸ. ಪಾಳಿಯ ಕೆಲಸದಿಂದಾಗಿ ಬರಲಾಗದಿದ್ದ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಅಚ್ಚಿಸಿದೆ.)



ಮೊದಲಿಗೆ ಒಂದು ಅರಿಕೆ. ನಾವು ವೈದ್ಯರಲ್ಲ, ವಾಕ್‌ಚಿಕಿತ್ಸೆಯನ್ನು ಓದಿ ಪದವಿ ಪಡೆದವರೂ ಅಲ್ಲ. ಗುಮಾಸ್ತಿಕೆ ನಮ್ಮ ವೃತ್ತಿ. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತು ಆಡಲು ನಮಗೆ ಒಂದು ಅಧಿಕಾರವುಂಟು. ಐದನೆಯ ವಯಸ್ಸಿನಿಂದ ನಾವು ಉಗ್ಗುತ್ತ ಬಂದವರು. ಇಂದಿಗೂ ಅದು ಪೂರ್ತಿ ಹೋಗಿಲ್ಲ. ಈಗ ಮಾತಿನ ನಡುವೆ ಎಲ್ಲಿಯಾದರೂ ನಾವು ತಡೆದರೆ ದಯವಿಟ್ಟು ತಾವು ಶಬ್ದವನ್ನು ಎತ್ತಿಕೊಡಬೇಡಿರಿ, ಸ್ವಲ್ಪ ಕಾಯಿರಿ. ಶಬ್ದ ತಡವಾಗಿ ಬಂದೀತು, ಬಾರದೆ ಇರದು.

ಈ ಉಪನ್ಯಾಸಕ್ಕೆ ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇವೆ. ಕೆಲವು ತಿಂಗಳ ಹಿಂದೆ, ದ್ರಾಕ್ಷಿ ತೋಟದಲ್ಲಿ ದುಡಿಯುವ ನಮ್ಮ ಕಡೆಯ ಗೃಹಸ್ಥರೊಬ್ಬರು ಪತ್ರಿಕೆ ಓದಲು ಬಂದವರು ಓದದೆ ಸುಮ್ಮನೆ ಕುಳಿತಿದ್ದರು. ವಿಚಾರಿಸಿದಾಗ ತಿಳಿಯಿತು: ಅವರ ಆರು ವರ್ಷದ ಮಗ ಮಾತಿನಲ್ಲಿ ತಡೆಯುತ್ತಾನೆ. ಶಾಲೆಯಲ್ಲಿ ಮಕ್ಕಳು ‘ತೋತರಾ’ ಎಂದು ಕೂಗುತ್ತಾರೆ. ಶಾಲೆಯವರು ತಾಯಿತಂದೆಯರನ್ನು ಕರೆಸಿ, “ಮನೆಯಲ್ಲಿ ಕನ್ನಡ, ಇಲ್ಲಿ ಮರಾಠಿ, ಎರಡು ಭಾಷೆಯ ಎಳೆದಾಟದಲ್ಲಿ ಹುಡುಗನ ನಾಲಿಗೆ ಸಿಕ್ಕಿಕೊಂಡಿದೆ. ಮನೆಯಲ್ಲಿ ಕನ್ನಡ ಬಿಟ್ಟುಬಿಡಿ” ಎಂದು ಬುದ್ಧಿ ಹೇಳಿದರಂತೆ. ತಾಯಿಗೆ ಮರಾಠಿ ಅಷ್ಟಕ್ಕಷ್ಟೆ. ಆಕೆ ಮಗನೊಡನೆ ಮಾತನ್ನೇ ಕಡಿಮೆ ಮಾಡಿದ್ದಳು. ಮಗನೂ ಮಾತು ಕಡಿಮೆ ಮಾಡಿದ್ದ. “ಉಗ್ಗು ನಿಂತಿದೆ, ಆದರೆ ಹುಡುಗ ಮಾತೇ ಆಡುವುದಿಲ್ಲ” ಎಂದು ಆ ತಂದೆ ಹೇಳಿದರು.

ಆ ಶಾಲೆಯವರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಿರಲಾರರು. ಆದರೆ ಹೇಳಿದ್ದು ತಪ್ಪು. ಅದು ಏಕೆ ತಪ್ಪು ಎಂಬುದನ್ನು ತಿಳಿಸುವುದೇ ಇಂದಿನ ನಮ್ಮ ಮುಖ್ಯ ಉದ್ದೇಶ.

ಉಗ್ಗು ಎಂದರೇನು? ಮಾತು ನಮಗೆ ಸುಲಭವೆಂದು ತೋರುತ್ತದೆ. ಒಂದು ಶಬ್ದ ಹೊರಬೀಳಬೇಕಾದರೆ ಎದೆಯ ಉಸಿರು, ಗಂಟಲಿನ ಧ್ವನಿತಂತು, ನಾಲಿಗೆ, ದವಡೆ, ತುಟಿ ಇವೆಲ್ಲವೂ ಕ್ಷಣದ ಸಣ್ಣ ಸಣ್ಣ ಭಾಗಗಳಲ್ಲಿ ಒಂದಕ್ಕೊಂದು ಹೊಂದಿ ನಡೆಯಬೇಕು. ಭಜನೆಯಲ್ಲಿ ತಾಳ, ಹಾರ್ಮೋನಿಯಂ, ಮೃದಂಗ ಕೂಡಿ ನಡೆಯುವಂತೆ. ಮಿದುಳು ಈ ಮೇಳಕ್ಕೆ ಕಾಲವನ್ನು ಹಾಕಿಕೊಡುತ್ತದೆ. ಉಗ್ಗುವವನಲ್ಲಿ ಶಬ್ದವೂ ಗೊತ್ತು, ಅರ್ಥವೂ ಗೊತ್ತು. ಆದರೆ ಈ ಕಾಲದ ಹೊಂದಾಣಿಕೆ ಒಮ್ಮೊಮ್ಮೆ ತಪ್ಪುತ್ತದೆ. ಅದು ಮೂರು ಬಗೆಯಲ್ಲಿ ಕಾಣುತ್ತದೆ. ಒಂದು, ಅಕ್ಷರ ಮರುಕಳಿಸುವುದು: ‘ಬ-ಬ-ಬ-ಬಸ್ಸು’. ಎರಡು, ಅಕ್ಷರ ಎಳೆದುಕೊಳ್ಳುವುದು: ‘ಸ್‌ಸ್‌ಸ್‌ಸಾಲೆ’. ಮೂರು, ಬಾಯಿ ತೆರೆದಿದ್ದರೂ ದನಿಯೇ ಹೊರಡದೆ ಕಟ್ಟಿಕೊಳ್ಳುವುದು. ಮೂರನೆಯದೇ ಎಲ್ಲಕ್ಕಿಂತ ಕಠಿಣ. ಆಗ ಕಣ್ಣು ಮಿಟುಕಿಸುವುದು, ತಲೆ ಕೊಡಹುವುದು, ತೊಡೆ ತಟ್ಟುವುದು ಇವೆಲ್ಲ ಸೇರಿಕೊಳ್ಳುತ್ತವೆ. ಇವು ಉಗ್ಗಲ್ಲ, ಉಗ್ಗಿನಿಂದ ಬಿಡಿಸಿಕೊಳ್ಳಲು ಮನುಷ್ಯ ಮಾಡುವ ಒದ್ದಾಟ.

ಇದು ಅಪರೂಪದ ಬಾಧೆಯೂ ಅಲ್ಲ. ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳು ಒಂದಲ್ಲ ಒಂದು ಕಾಲಕ್ಕೆ ಉಗ್ಗುತ್ತಾರೆ. ಹೆಚ್ಚಾಗಿ ಎರಡರಿಂದ ಐದು ವರ್ಷದೊಳಗೆ ಅದು ತೊಡಗುತ್ತದೆ. ಅವರಲ್ಲಿ ಹೆಚ್ಚಿನವರಿಗೆ ತಾನಾಗಿ ನಿಂತುಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಷ್ಟು ಉಳಿಯುತ್ತಾರೆ. ಹೆಂಗಸೊಬ್ಬಳಿಗೆ ಗಂಡಸರು ನಾಲ್ವರು ಎಂಬುದು ಸಾಮಾನ್ಯ ಲೆಕ್ಕ. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಉಗ್ಗುತ್ತಿದ್ದನು. ಆಸ್ಟ್ರೇಲಿಯದ ಲಯೊನೆಲ್ ಲೋಗ್ ಎಂಬಾತನ ನೆರವಿನಿಂದ ೧೯೩೯ರ ಸೆಪ್ಟೆಂಬರ್ ೩ರಂದು, ಯುದ್ಧ ಸಾರಿದ ದಿನ, ರೇಡಿಯೋದಲ್ಲಿ ತನ್ನ ಪ್ರಜೆಗಳಿಗೆ ಮಾತನಾಡಿದನು. ದೊರೆಗೂ ಬಿಡದ್ದು ನಮ್ಮನ್ನು ಬಿಟ್ಟೀತೆ?

ಕಾರಣವೇನೆಂದು ಕೇಳಿದರೆ ನಮ್ಮ ಕಡೆ ನೂರು ಉತ್ತರ ಸಿಗುತ್ತವೆ. ಹೆದರಿಕೆ, ನಾಲಿಗೆ ದಪ್ಪ, ಇನ್ನೊಬ್ಬರನ್ನು ಅಣಕಿಸಿದ ಪಾಪ ಹೀಗೆ. ಬಜೆ ತೇಯ್ದು ನಾಲಿಗೆಗೆ ಹಚ್ಚದ ತಾಯಿ ನಮ್ಮಲ್ಲಿ ಅಪರೂಪ. ಅದು ಪ್ರೀತಿಯ ಉಪಚಾರ. ಆದರೆ ಉಗ್ಗು ನಾಲಿಗೆಯ ರೋಗವಲ್ಲವಾದುದರಿಂದ ನಾಲಿಗೆಗೆ ಹಚ್ಚಿದ್ದು ಅದನ್ನು ತಲುಪುವುದಿಲ್ಲ. ಈ ತಪ್ಪು ಕಲ್ಪನೆ ನಮ್ಮದಷ್ಟೇ ಅಲ್ಲ. ೧೮೪೧ರಲ್ಲಿ ಬರ್ಲಿನ್ ನಗರದ ಡೀಫೆನ್‌ಬಾಖ್ ಎಂಬ ಹೆಸರಾಂತ ಶಸ್ತ್ರವೈದ್ಯನು ಉಗ್ಗು ಬಿಡಿಸಲೆಂದು ನಾಲಿಗೆಯನ್ನೇ ಕೊಯ್ದನು. ರೋಗಿಗಳು ನೋವುಂಡರು, ಉಗ್ಗು ಉಳಿಯಿತು.

ಇಂದು ತಿಳಿದಿರುವುದಿಷ್ಟು: ಉಗ್ಗು ಬಹುಮಟ್ಟಿಗೆ ಹುಟ್ಟಿನೊಡನೆ ಬರುವ ಮಿದುಳಿನ ಒಂದು ವ್ಯತ್ಯಾಸ, ಮನೆತನಗಳಲ್ಲಿ ಇಳಿದು ಬರುವುದುಂಟು. ೨೦೧೦ರಲ್ಲಿ ಅಮೆರಿಕದ ಸಂಶೋಧಕರು ಪಾಕಿಸ್ತಾನದ ಕುಟುಂಬಗಳನ್ನು ಪರೀಕ್ಷಿಸಿ, ಉಗ್ಗಿಗೆ ಸಂಬಂಧಪಟ್ಟ ಜೀನುಗಳನ್ನು ಗುರುತಿಸಿದರು. ಜೀವಕೋಶವು ತನ್ನ ಕಸವನ್ನು ತಾನೇ ಕರಗಿಸಿಕೊಳ್ಳುವ ಕೆಲಸಕ್ಕೆ ಸೇರಿದ ಜೀನುಗಳು ಅವು. ಎಲ್ಲ ಉಗ್ಗಿಗೂ ಅದೇ ಕಾರಣವಲ್ಲ. ಆದರೆ ತಾಯಿತಂದೆಯರು ತಮ್ಮ ತಪ್ಪಿನಿಂದಲೇ ಮಗು ಹೀಗಾಯಿತೆಂದು ಕೊರಗಬೇಕಾಗಿಲ್ಲ ಎಂಬುದಂತೂ ಸ್ಪಷ್ಟವಾಯಿತು. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ; ಉಗ್ಗಿನಿಂದ ಹೆದರಿಕೆ ಹುಟ್ಟುತ್ತದೆ. ಹುಟ್ಟಿದ ಹೆದರಿಕೆ ಮತ್ತೆ ಉಗ್ಗನ್ನು ಹೆಚ್ಚಿಸುತ್ತದೆ.

ಆ ಹೆದರಿಕೆ ಎಂಥದೆಂಬುದನ್ನು ನಮ್ಮ ಅನುಭವದಿಂದ ಹೇಳುತ್ತೇವೆ. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಹಾಜರ್’ ಎಂಬ ಒಂದು ಶಬ್ದ ನಮಗೆ ಹೊರಡುತ್ತಿರಲಿಲ್ಲ. ಮಾಸ್ತರರ ಎದುರಿಗೇ ಕುಳಿತಿದ್ದರೂ ಗೈರುಹಾಜರಿ ಬಿದ್ದ ದಿನಗಳುಂಟು. ಹೋಟೆಲಿನಲ್ಲಿ ದೋಸೆ ತಿನ್ನುವ ಆಸೆ; ‘ದೋ’ ಬಾರದು; ಇಡ್ಲಿ ಎಂದು ಹೇಳಿ ಇಡ್ಲಿ ತಿಂದದ್ದುಂಟು. ಈ ಊರಿಗೆ ಬಂದ ಹೊಸತರಲ್ಲಿ ನಾಸಿಕದ ಬಸ್ಸಿನಲ್ಲಿ ‘ದಿಂಡೋರಿ’ ಎಂಬ ಹೆಸರು ಗಂಟಲಲ್ಲಿ ಕಟ್ಟಿಕೊಂಡು, ಮುಂದಿನ ಊರಾದ ವಣಿಗೆ ಟಿಕೀಟು ತೆಗೆದು ದಿಂಡೋರಿಯಲ್ಲಿ ಇಳಿದುಬಿಡುತ್ತಿದ್ದೆವು. ಬೇರೆ ಶಬ್ದಗಳಿಗೆ ಬದಲಿ ಶಬ್ದ ಹುಡುಕಬಹುದು. ತನ್ನ ಹೆಸರಿಗೆ ಬದಲಿ ಇಲ್ಲ. ಅದಕ್ಕೇ ಉಗ್ಗುವವರಲ್ಲಿ ಬಹಳ ಮಂದಿಗೆ ತಮ್ಮ ಹೆಸರು ಹೇಳುವುದೇ ಅತ್ಯಂತ ಕಷ್ಟ. ಹೆಸರು ಕೇಳಿದರೆ ಒದ್ದಾಡುವವನನ್ನು ಕಂಡು “ತನ್ನ ಹೆಸರೇ ಗೊತ್ತಿಲ್ಲವೇ?” ಎಂದು ನಗುವ ಜನ ಎಲ್ಲೆಡೆ ಇದ್ದಾರೆ. ಮೊಬೈಲ್ ಫೋನು ಬಂದ ಮೇಲೆ ಈ ಕಷ್ಟ ಇಮ್ಮಡಿಯಾಯಿತು. ದನಿ ಹೊರಡದಿದ್ದರೆ ಆ ಕಡೆಯವರು ‘ಹಲೋ ಹಲೋ’ ಎಂದು ಫೋನು ಇಟ್ಟುಬಿಡುತ್ತಾರೆ.

ಇದೇ ಮನುಷ್ಯ ಭಜನೆಯಲ್ಲಿ ತಡೆಯುವುದಿಲ್ಲ. ಹಾಡಿದರೆ ತಡೆಯುವುದಿಲ್ಲ, ಹತ್ತು ಮಂದಿಯೊಡನೆ ದನಿಗೂಡಿಸಿ ಓದಿದರೆ ತಡೆಯುವುದಿಲ್ಲ, ಒಬ್ಬನೇ ಇದ್ದಾಗ ಮಾತನಾಡಿಕೊಂಡರೆ ಬಹಳ ಕಡಿಮೆ ತಡೆಯುತ್ತಾನೆ. ಜನ ಇದನ್ನು ಕಂಡು “ಹಾಡುವಾಗ ಬರುತ್ತದೆ, ಮಾತಿಗೆ ಬರುವುದಿಲ್ಲವೇ? ಎಲ್ಲ ನಾಟಕ” ಎನ್ನುವುದುಂಟು. ನಾಟಕವಲ್ಲ. ಹಾಡಿಗೆ, ಮೇಳದ ಓದಿಗೆ ಕಾಲ ಹೊರಗಿನಿಂದ ಸಿಗುತ್ತದೆ. ಮಿದುಳು ತಾನೇ ಕಾಲ ಹಾಕಬೇಕಾಗಿಲ್ಲ.

ಗದರಿಸಿದರೆ, ತಿದ್ದಿದರೆ ಸರಿಯಾದೀತೇ? ಈ ವಿಷಯದಲ್ಲಿ ಒಂದು ನೋವಿನ ಕಥೆಯುಂಟು. ೧೯೩೯ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕನ ಮಾರ್ಗದರ್ಶನದಲ್ಲಿ ಡೇವನ್‌ಪೋರ್ಟ್ ಎಂಬ ಊರಿನ ಅನಾಥಾಲಯದ ೨೨ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಜಾನ್ಸನ್ನನು ತಾನೇ ಉಗ್ಗುವವನು. ಸರಿಯಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ “ನಿನ್ನ ಮಾತು ಸರಿಯಿಲ್ಲ, ಎಚ್ಚರದಿಂದ ಮಾತನಾಡು, ತಡೆಯುವುದಾದರೆ ಆಡಲೇಬೇಡ” ಎಂದು ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾಗಲಿಲ್ಲ; ಆದರೆ ಮಾತು ಕಡಿಮೆ ಮಾಡಿದರು, ನಾಚಿಕೊಂಡರು, ಬಾಯಿಗೆ ಕೈ ಅಡ್ಡ ಹಿಡಿದರು. ೨೦೦೧ರಲ್ಲಿ ಸಂಗತಿ ಬಯಲಾದ ಮೇಲೆ ಆ ವಿಶ್ವವಿದ್ಯಾಲಯ ಕ್ಷಮೆ ಬೇಡಿತು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಇದೇ ಮಾತನ್ನು ಮಕ್ಕಳಿಗೆ ದಿನವೂ ಹೇಳುತ್ತೇವೆ. ನಮಗೆ ಅದು ಪ್ರಯೋಗವೆಂದು ಗೊತ್ತಿಲ್ಲ, ಅಷ್ಟೆ.

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಎರಡು ಭಾಷೆ ಕಲಿತರೆ ಉಗ್ಗು ಹತ್ತುತ್ತದೆಯೇ? ಇಲ್ಲ. ಒಂದೇ ಭಾಷೆಯವರಲ್ಲಿಯೂ ಉಗ್ಗು ಉಂಟು, ನಾಲ್ಕು ಭಾಷೆಯವರಲ್ಲಿಯೂ ಉಂಟು. ಭಾಷೆ ಹೆಚ್ಚಾದುದರಿಂದ ಉಗ್ಗು ಹುಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಾಗಿದ್ದರೆ ಬೆಳಗಾವಿ, ಸೊಲ್ಲಾಪುರ, ಕಾಸರಗೋಡುಗಳಲ್ಲಿ ಅರ್ಧ ಊರು ಉಗ್ಗಬೇಕಾಗಿತ್ತು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಎರಡು ಭಾಷೆ ಒಟ್ಟಿಗೆ ಕಲಿಯುವ ಮಗು ಶಬ್ದ ಹುಡುಕುತ್ತ ತಡೆಯುವುದು ಸಹಜ. “ನಾನು... ನಾನು ಅದು... ದಪ್ತರ ಶಾಲೆಯಲ್ಲಿ ಬಿಟ್ಟೆ” ಎಂದು ಇಡೀ ಶಬ್ದವನ್ನು, ಅರ್ಧ ವಾಕ್ಯವನ್ನು ಮರಳಿ ಹೇಳಿದರೆ ಅದು ಉಗ್ಗಲ್ಲ, ಕಲಿಯುವವನ ತಡವರಿಕೆ. ಉಗ್ಗಿನಲ್ಲಿ ತಡೆಯುವುದು ಶಬ್ದದ ತಲೆಯಲ್ಲಿ: ‘ದ-ದ-ದ-ದಪ್ತರ’. ಮುಖ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಎರಡನ್ನೂ ಒಂದೇ ಎಂದು ಎಣಿಸಿ ಮಗುವಿಗೆ ‘ತೋತರಾ’ ಎಂಬ ಹೆಸರಿಡುವುದು ಮೊದಲ ತಪ್ಪು. ಅದಕ್ಕೆ ಔಷಧವೆಂದು ತಾಯಿಯ ಭಾಷೆಯನ್ನು ಕಿತ್ತುಕೊಳ್ಳುವುದು ಎರಡನೆಯ ತಪ್ಪು. ಎರಡನೆಯದು ದೊಡ್ಡದು. ಉಗ್ಗುವ ಮಗುವಿಗೆ ಬೇಕಾದದ್ದು ತನ್ನನ್ನು ಅವಸರವಿಲ್ಲದೆ ಕೇಳುವ ಒಬ್ಬರು. ತಾಯಿ ಯಾವ ಭಾಷೆಯಲ್ಲಿ ನೆಮ್ಮದಿಯಾಗಿ ಮಾತನಾಡಬಲ್ಲಳೋ, ಜೋಗುಳ ಹಾಡಬಲ್ಲಳೋ, ಆ ಭಾಷೆಯೇ ಮನೆಯಲ್ಲಿ ಇರಬೇಕು.

ಮನೆಯಲ್ಲಿ ಮಾಡತಕ್ಕದ್ದು ಕಷ್ಟದ್ದಲ್ಲ. ಮಗುವಿಗೆ ‘ನಿಧಾನ ಮಾತಾಡು’ ಎಂದು ಹೇಳುವ ಬದಲು ನಾವೇ ನಿಧಾನವಾಗಿ ಮಾತನಾಡಬೇಕು. ಅವನು ಮುಗಿಸುವವರೆಗೆ ಕಣ್ಣು ಬೇರೆಡೆಗೆ ತಿರುಗಿಸಬಾರದು. ಶಬ್ದವನ್ನು ಅವನ ಬಾಯಿಂದ ಕಸಿದುಕೊಳ್ಳಬಾರದು. ಬಂದವರ ಮುಂದೆ “ಹಾಡು ಹೇಳು, ಹೆಸರು ಹೇಳು” ಎಂದು ನಿಲ್ಲಿಸಬಾರದು. ದಿನಕ್ಕೆ ಹತ್ತು ನಿಮಿಷವಾದರೂ ಅವನೊಬ್ಬನಿಗೇ ಕಿವಿಗೊಡಬೇಕು. ಪಾಳಿ ಮುಗಿಸಿ ದಣಿದು ಬಂದವರಿಗೆ ಹತ್ತು ನಿಮಿಷವೂ ಹೆಚ್ಚೇ ಎಂಬುದನ್ನು ಬಲ್ಲೆವು. ಆದರೂ ಕೇಳಿಕೊಳ್ಳುತ್ತೇವೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಉಗ್ಗು ನಿಂತರೆ, ಮನೆತನದಲ್ಲಿ ಉಗ್ಗುವವರಿದ್ದರೆ, ಮಗು ಒದ್ದಾಡುತ್ತಿದ್ದರೆ ಅಥವಾ ಮಾತನ್ನು ತಪ್ಪಿಸಿಕೊಳ್ಳುತ್ತಿದ್ದರೆ, ತಾನಾಗಿ ಹೋದೀತೆಂದು ಕಾಯದೆ ವಾಕ್‌ಚಿಕಿತ್ಸಕರಿಗೆ ತೋರಿಸಬೇಕು. ಚಿಕ್ಕ ಮಕ್ಕಳಿಗೆ ಆಸ್ಟ್ರೇಲಿಯದಲ್ಲಿ ರೂಪುಗೊಂಡ ಲಿಡ್‌ಕಂಬ್ ಎಂಬ ಕ್ರಮವುಂಟು. ಅದರಲ್ಲಿ ಚಿಕಿತ್ಸಕರು ತಾಯಿತಂದೆಯರಿಗೆ ಕಲಿಸುತ್ತಾರೆ. ಚಿಕಿತ್ಸೆ ಮನೆಯಲ್ಲಿಯೇ ನಡೆಯುತ್ತದೆ. ಮಗು ಸರಾಗವಾಗಿ ಮಾತನಾಡಿದಾಗ ಮೆಚ್ಚಿ ಒಂದು ಮಾತು ಹೇಳುವುದೇ ಅದರ ತಿರುಳು.

ದೊಡ್ಡವರಿಗೂ ದಾರಿಯುಂಟು. ಶಬ್ದವನ್ನು ಮೆಲ್ಲನೆ, ಉಸಿರಿನೊಡನೆ ಎತ್ತಿಕೊಳ್ಳುವ ಅಭ್ಯಾಸ ಒಂದು. ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್, ಅವನೂ ಉಗ್ಗುವವನೇ, ತೋರಿಸಿದ ದಾರಿ ಇನ್ನೊಂದು: ಉಗ್ಗನ್ನು ಮರೆಮಾಚಲು ಒದ್ದಾಡುವುದನ್ನು ಬಿಟ್ಟು, ಬಿಗಿತವಿಲ್ಲದೆ ಸುಲಭವಾಗಿ ಉಗ್ಗಲು ಕಲಿಯುವುದು. ಕೇಳಲು ವಿಚಿತ್ರವೆನಿಸಬಹುದು. ಆದರೆ “ನಾನು ಉಗ್ಗುತ್ತೇನೆ, ಸ್ವಲ್ಪ ಕಾಯಿರಿ” ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಭಾರ ಇಳಿಯುತ್ತದೆ. ನಾವು ಈಗ ಹೇಳಿದಂತೆ. ಅಂದಿನಿಂದ ನಾವು ದಿಂಡೋರಿಗೇ ಟಿಕೀಟು ಕೇಳುತ್ತಿದ್ದೇವೆ. ಏಳು ದಿನದಲ್ಲಿ ಉಗ್ಗು ಮಾಯ ಎಂಬ ಜಾಹೀರಾತುಗಳಿಗೆ ಮಾತ್ರ ಹಣ ಕೊಡಬೇಡಿರಿ. ಉಗ್ಗನ್ನು ಬುಡಸಹಿತ ಕೀಳುವ ಗುಳಿಗೆ ಇಲ್ಲ.

ಇನ್ನು ದನಿಯ ವಿಷಯ. ಉಗ್ಗು ಮಾತಿನ ಓಟಕ್ಕೆ ಸೇರಿದ್ದು. ದನಿ ಒಡೆಯುವುದು ಗಂಟಲಿಗೆ ಸೇರಿದ್ದು. ಇದನ್ನು ಇಲ್ಲಿಯೇ ಹೇಳಲು ಕಾರಣ, ನಮ್ಮ ಕೆಲಸಗಳಲ್ಲಿ ದನಿ ಬೇಗ ಸವೆಯುತ್ತದೆ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಮಾತನಾಡುವಾಗ ಅವು ಗಂಡಸರಲ್ಲಿ ಕ್ಷಣಕ್ಕೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಒಂದನ್ನೊಂದು ತಾಕುತ್ತವೆ. ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುವಂತೆ, ಕೂಗಿ ಕೂಗಿ ಆ ತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳಾಗುತ್ತವೆ. ದನಿ ಒರಟಾಗುತ್ತದೆ. ತೋಟದಲ್ಲಿ ಔಷಧ ಸಿಂಪಡಿಸುವ ಯಂತ್ರದ ಸದ್ದಿನ ಮೇಲೆ ಕೂಗುವವರು, ಕಾರ್ಖಾನೆಯ ಮೇಸ್ತ್ರಿಗಳು, ಸಂತೆಯಲ್ಲಿ ಮಾರುವವರು, ಶಿಕ್ಷಕಿಯರು ಇವರಿಗೆ ಇದು ಹೆಚ್ಚು. ಕೂಗುವ ಬದಲು ಹತ್ತಿರ ಹೋಗಿ ಹೇಳುವುದು, ಆಗಾಗ ನೀರು ಕುಡಿಯುವುದು, ಸಿಂಪಡಿಸುವಾಗ ಮೂಗುಬಾಯಿ ಮುಚ್ಚಿಕೊಳ್ಳುವುದು ಇವು ಖರ್ಚಿಲ್ಲದ ಉಪಾಯಗಳು. ದನಿ ಬಿದ್ದಾಗ ಪಿಸುಗುಟ್ಟಿದರೆ ವಿಶ್ರಾಂತಿ ಎಂದು ಬಗೆಯುವುದು ತಪ್ಪು. ಒತ್ತಿ ಪಿಸುಗುಟ್ಟುವುದೂ ಗಂಟಲಿಗೆ ಶ್ರಮವೇ. ಸುಮ್ಮನಿರುವುದೇ ವಿಶ್ರಾಂತಿ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ಅದರಲ್ಲಿಯೂ ಬೀಡಿ, ಸಿಗರೇಟು, ತಂಬಾಕು, ಮದ್ಯದ ಅಭ್ಯಾಸವಿದ್ದವರಿಗೆ, ಕಿವಿ-ಮೂಗು-ಗಂಟಲಿನ ವೈದ್ಯರ ಪರೀಕ್ಷೆ ಆಗಲೇಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರು ಮೊದಲಿಗೆ ಕಾಣಿಸಿಕೊಳ್ಳುವುದು ಹಲವು ಸಲ ಒಡೆದ ದನಿಯಾಗಿಯೇ. ಬೇಗ ಗೊತ್ತಾದರೆ ಜೀವವೂ ಉಳಿಯುತ್ತದೆ, ದನಿಯೂ ಉಳಿಯುವ ಸಂಭವವುಂಟು. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಹಾಗೆ ತೆಗೆದವರಿಗೂ ಮಾತು ಮರಳಿ ಬರುವ ಸಾಧನಗಳುಂಟು. ಹೊರದೇಶದವು ಹಲವು ಸಾವಿರ ರೂಪಾಯಿ ಬೆಲೆಯವು. ಬೆಂಗಳೂರಿನ ಕ್ಯಾನ್ಸರ್ ವೈದ್ಯರಾದ ಡಾ. ವಿಶಾಲ್ ರಾವ್ ಅವರು ಬಡವರಿಗಾಗಿ ಸುಮಾರು ೫೦ ರೂಪಾಯಿಯ ಒಂದು ಸಾಧನವನ್ನು ರೂಪಿಸಿ ಅದಕ್ಕೆ ‘ಓಂ’ ಎಂದು ಹೆಸರಿಟ್ಟಿದ್ದಾರೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೀಗೆ ಶಾಶ್ವತವಾಗಿ ಮಾತು ಕಳೆದುಕೊಂಡವರಿಗೂ ಸ್ಥಾನವುಂಟು.

ಎಲ್ಲಿ ತೋರಿಸಬೇಕು? ಅಂಗನವಾಡಿಗೆ, ಸರಕಾರಿ ಶಾಲೆಗೆ ಹೋಗುವ ಮಕ್ಕಳಾದರೆ, ೨೦೧೩ರಲ್ಲಿ ಇದೇ ಮಹಾರಾಷ್ಟ್ರದ ಪಾಲಘರದಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಪರೀಕ್ಷೆಗೆ ಬಂದಾಗ ಮಾತಿನ ತೊಂದರೆಯನ್ನು ಬಾಯಿಬಿಟ್ಟು ಹೇಳಿರಿ. ಅವರು ಮುಂದಕ್ಕೆ ಕಳಿಸುತ್ತಾರೆ. ದೊಡ್ಡವರು ನಾಸಿಕದ ಸಿವಿಲ್ ಆಸ್ಪತ್ರೆಯಲ್ಲಿ ಗಂಟಲಿನ ವಿಭಾಗವನ್ನು ಕೇಳಬಹುದು. ಮುಂಬಯಿಯ ಬಾಂದ್ರಾದಲ್ಲಿ ೧೯೮೩ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯುಂಟು. ಆದರೆ ಕನ್ನಡದಲ್ಲಿಯೇ ಚಿಕಿತ್ಸೆ ಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ತವರು. ೧೯೬೫ರಲ್ಲಿ ಆರಂಭವಾದ ಇದಕ್ಕೆ ೧೯೬೬ರಲ್ಲಿ ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಅಡಿಗಲ್ಲು ಇಟ್ಟರು. ಕನ್ನಡ ನಾಟಕಕಾರರಾದ ನ. ರತ್ನ ಅವರು ಇದರ ನಿರ್ದೇಶಕರಾಗಿದ್ದರೆಂಬುದು ನಾಟಕಪ್ರಿಯರಿಗೆ ಸಂತೋಷದ ಸಂಗತಿ. ದೂರದಲ್ಲಿರುವವರಿಗೆ ಈ ಸಂಸ್ಥೆಯವರು ವೀಡಿಯೋ ಮೂಲಕವೂ ಚಿಕಿತ್ಸೆ ಕೊಡುತ್ತಾರೆ. ರಜೆಗೆ ಊರಿಗೆ ಹೋದಾಗ ಒಮ್ಮೆ ಮೈಸೂರಿಗೆ ಹೋಗಿ ತೋರಿಸಿ, ಮುಂದಿನ ಅಭ್ಯಾಸವನ್ನು ಇಲ್ಲಿಂದಲೇ ಮುಂದುವರಿಸಬಹುದೇ ಎಂದು ಅಲ್ಲಿಯೇ ವಿಚಾರಿಸಿರಿ.

ಕೊನೆಯದಾಗಿ ಒಂದು ಮಾತು. ನಾವೆಲ್ಲರೂ ಈ ಊರಿಗೆ ಬಂದ ಮೊದಲ ತಿಂಗಳನ್ನು ನೆನೆದುಕೊಳ್ಳೋಣ. ಅಂಗಡಿಯ ಮುಂದೆ ನಿಂತು, ಬೇಕಾದುದು ಮನಸ್ಸಿನಲ್ಲಿದ್ದರೂ ಮರಾಠಿ ಶಬ್ದ ಬಾಯಿಗೆ ಬಾರದೆ ಒದ್ದಾಡಿದೆವು. ಹಿಂದಿನವರು ಅವಸರ ಮಾಡಿದರು. ಯಾರೋ ಒಬ್ಬ ಅಂಗಡಿಯವನು ಮಾತ್ರ “ಸಾವಕಾಶ, ಸಾವಕಾಶ” ಎಂದು ನಕ್ಕು ಕಾದನು. ಅವನ ಅಂಗಡಿಗೇ ನಾವು ಮತ್ತೆ ಮತ್ತೆ ಹೋದೆವು. ಉಗ್ಗುವವನಿಗೆ ತನ್ನ ಭಾಷೆಯಲ್ಲಿಯೂ ದಿನವೂ ಅದೇ ಗತಿ. ಅವನಿಗೆ ಬೇಕಾದದ್ದು ಆ ಅಂಗಡಿಯವನ ತಾಳ್ಮೆ.

ಆದುದರಿಂದ ನಮ್ಮ ವಾಚನಾಲಯದಲ್ಲಿ ಎರಡು ಏರ್ಪಾಡು ಮಾಡಬೇಕೆಂದು ಕಾರ್ಯಕಾರಿ ಮಂಡಳಿಯನ್ನು ಪ್ರಾರ್ಥಿಸುತ್ತೇವೆ. ರವಿವಾರ ಅರ್ಧ ಗಂಟೆ ಮಕ್ಕಳೂ ದೊಡ್ಡವರೂ ಕೂಡಿ ಒಂದೇ ದನಿಯಲ್ಲಿ ಕನ್ನಡ ಓದುವುದು. ಅದರಿಂದ ಉಗ್ಗು ವಾಸಿಯಾಗದು. ಆದರೆ ಉಗ್ಗುವ ಮಗು ಎಲ್ಲರೊಡನೆ ತಡೆಯಿಲ್ಲದೆ ಓದಿದ ಸಂತೋಷವನ್ನು ಕಂಡೀತು. ಎರಡನೆಯದು, ಇಲ್ಲಿ ಯಾರ ಮಾತನ್ನೂ ಅಣಕಿಸಬಾರದು, ಯಾರ ಮಾತನ್ನೂ ನಡುವೆ ಮುಗಿಸಿಕೊಡಬಾರದು ಎಂಬ ನಿಯಮ. ಪತ್ರಿಕೆಗಳನ್ನು ಹರಿಯಬಾರದು ಎಂಬ ಫಲಕದ ಪಕ್ಕದಲ್ಲಿಯೇ ಅದನ್ನೂ ತೂಗುಹಾಕಬಹುದು.

ಆ ಗೃಹಸ್ಥರ ಮನೆಯಲ್ಲಿ ಈಗ ಮತ್ತೆ ಕನ್ನಡ ನಡೆದಿದೆ. ಹುಡುಗ ಮತ್ತೆ ಉಗ್ಗುತ್ತಿದ್ದಾನೆ. ಅಂದರೆ ಮತ್ತೆ ಮಾತನಾಡುತ್ತಿದ್ದಾನೆ. ಮುಂದಿನ ರಜೆಯಲ್ಲಿ ಅವನನ್ನು ಮೈಸೂರಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿದೆ.

ನಾವು ತಡೆದಾಗಲೆಲ್ಲ ತಾವು ಕಾದಿರಿ.